ಅಮಾವಾಸ್ಯೆ ಸಂಜೆಯ ಮೇನ್ ಸ್ವಿಚ್

ಮೆಟ್ಟಿಲು ಹತ್ತಿ ಬಂದ ಕಸ್ತೂರಿ ಬಾಗಿಲಲ್ಲೇ ನಿಂತುಬಿಟ್ಟಳು.

ಕ್ಲಾಸಿನ ಮೂಲೆಯಲ್ಲಿ ಯಾರೋ ಅಪರಿಚಿತ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಅವನ ಮುಂದೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಬಿದ್ದಿತ್ತು. ತುಟಿಯಲ್ಲಿ ಎರಡು ಸ್ಕ್ರೂ, ಕೈಯಲ್ಲಿ ಉದ್ದನೆಯ ವೈರು...

ಕಳ್ಳ!

ಅವಳು ಯೋಚಿಸಿದ್ದು ಇಷ್ಟೇ. ಬಾಗಿಲು ಎಳೆದು ಹೊರಗಿನಿಂದ ಚಿಲಕ ಜಡಿದಳು.

ಒಳಗಿನಿಂದ ಸಮಾಧಾನದ ದನಿಯೊಂದು ಬಂತು. "ಏನ್ರೀ, ಬಾಗ್ಲಾ ಯಾಕ ಹಾಕಿದ್ರಿ?"

"ನಮ್ಮಪ್ಪ ಬರೂತನ ಅಲ್ಲೇ ಕುಂದ್ರು. ಆಮ್ಯಾಲೆ ಗೊತ್ತಾಗತೈತಿ."

ಕೆಳಗಿನ ಗೊಬ್ಬರದ ಅಂಗಡಿಯಿಂದ ಅಪ್ಪ ದೊಡ್ಡಬಸಪ್ಪ ಏದುಸಿರು ಬಿಡುತ್ತ ಬಂದರು. ಚಿಲಕ ತೆಗೆದು ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಜಂಬಣ್ಣ, ಮಸ್ಕಿಯ ಹುಡುಗ, ರಾಯಚೂರಿನಲ್ಲಿ ಡಿಪ್ಲೊಮಾ ಮಾಡಿದವನು. ಇನ್ನು ಮುಂದೆ ಕ್ಲಾಸಿನ ಮೇಷ್ಟ್ರು. ಹಾಗೆಂದು ಅವರೇ ಬೆಳಿಗ್ಗೆ ಅವನನ್ನು ಕರೆತಂದು, ಮಗಳಿಗೆ ಹೇಳುವುದನ್ನು ಮರೆತಿದ್ದರು.

ಕಸ್ತೂರಿಯ ಮುಖ ಕೆಂಪಾಯಿತು. ಜಂಬಣ್ಣ ಮಾತ್ರ ಸ್ಕ್ರೂಗಳನ್ನು ಬಾಯಿಂದ ತೆಗೆದು, ಒಳ್ಳೆ ಕಾವಲು ಇಟ್ಟೀರಿ ಅಂತ ದೊಡ್ಡಬಸಪ್ಪನವರಿಗೆ ಹೇಳಿ ನಕ್ಕ. ಆ ನಗುವನ್ನು ಅವಳು ಎಷ್ಟೋ ದಿನ ಮರೆಯಲಿಲ್ಲ.

ನಮ್ಮ ಕಸ್ತೂರಿ ಕೆಟ್ಟವಳಲ್ಲ. ಆದರೆ ಕಣ್ಣಿಗೆ ಕಂಡ ಕೂಡಲೇ ತೀರ್ಪು ಕೊಡುವ ಚಾಳಿ. ಅವತ್ತು ಅದು ನಗುವಿನಲ್ಲಿ ಮುಗಿಯಿತು. ಮುಂದೆ ಹಾಗಾಗಲಿಲ್ಲ.

ಅದು ತೊಂಬತ್ತೆಂಟನೇ ಇಸವಿಯ ಸಂಕ್ರಾಂತಿಯ ಮಾರನೇ ದಿನ. ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿಯಬೇಕೆನ್ನುವ ಆಸೆ ಆಗಷ್ಟೇ ಹುಟ್ಟಿತ್ತು. ದೊಡ್ಡಬಸಪ್ಪನವರು ಅಂಗಡಿಯ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಿದ್ದರು, ಶುರುವಿನ ಪಾಠ ಕಸ್ತೂರಿಯೇ ಹೇಳುತ್ತಿದ್ದಳು. ಡಿಗ್ರಿ ಹುಡುಗರಿಗೆ ಆ ವರ್ಷ ಸಿ ಪ್ರೋಗ್ರಾಮಿನ ಪ್ರಾಕ್ಟಿಕಲ್ ಪರೀಕ್ಷೆ ಬೇರೆ ಬಂದಿತ್ತು. ಅದಕ್ಕಾಗಿ ಒಂದು ಮಷೀನಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಬೇಕು, ಅದರಲ್ಲಿ ಕಂಪೈಲರ್ ಇರಬೇಕು. ನಾವು ಬರೆದದ್ದನ್ನು ಮಷೀನು ನಡೆಸುವ ಹಾಗೆ ತಿರುವಿ ಕೊಡುವುದು ಕಂಪೈಲರ್. ಅದಿಲ್ಲದಿದ್ದರೆ ಬರೆದದ್ದೆಲ್ಲ ಬರೀ ಬರಹ.

ಅದನ್ನೆಲ್ಲ ಸಿಡಿಯಿಂದ ಹಾಕಲು ಆ ಮಷೀನಿಗೆ ಸಿಡಿ ಡ್ರೈವೂ ಇರಲಿಲ್ಲ. ಲಿಂಗಸುಗೂರಿನ ಒಂದು ಕ್ಲಾಸಿನಿಂದ ಜಂಬಣ್ಣ ಅದನ್ನು ಕೇಳಿ ತಂದು, ಕೆಲಸವಾದ ಮೇಲೆ ವಾಪಸು ಕೊಟ್ಟು ಬರುತ್ತಿದ್ದ.

ಕ್ಲಾಸಿನ ಕೀಲಿ ಇರುತ್ತಿದ್ದುದು ಕಸ್ತೂರಿಯ ಸೊಂಟದಲ್ಲಿ. ಅದು ಸುಲಭವಾಗಿ ಸಿಕ್ಕ ಕೀಲಿಯಲ್ಲ. ಮಗಳು ಹುಡುಗರ ನಡುವೆ ಕೂತು ಕಲಿಸುವುದು ಅವ್ವ ಕನಕಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಒಂದೇ ಒಂದು ದಿನ ಹೆಚ್ಚುಕಮ್ಮಿ ಆದರೂ ಕೀಲಿ ನನ್ನ ಕೈಗೆ ಬರಬೇಕು, ನೀನು ಮನೆಯಲ್ಲಿರಬೇಕು ಅಂತ ಕರಾರು ಹಾಕಿಯೇ ಕಳಿಸಿದ್ದಳು. ಈ ಕರಾರನ್ನು ಕಸ್ತೂರಿ ಒಮ್ಮೆ ಜಂಬಣ್ಣನಿಗೆ ನಗುನಗುತ್ತ ಹೇಳಿದ್ದಳು. ಅವನು ನಗಲಿಲ್ಲ.

ಮಧ್ಯಾಹ್ನ ಅವನು ಮಸ್ಕಿಯಿಂದ ತಂದ ಬುತ್ತಿ ಬಿಚ್ಚುತ್ತಿದ್ದ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಂದು ದಿನ ಅವಳು ಒಂದು ಚೂರು ಕೇಳಿ ತಿಂದಳು. ಮರುದಿನದಿಂದ ಬುತ್ತಿಯಲ್ಲಿ ರೊಟ್ಟಿ ಹೆಚ್ಚಾಯಿತು.

ಅವನಿಗಿದ್ದದ್ದು ಅವ್ವ ಒಬ್ಬಳೇ, ವೀರಭದ್ರಮ್ಮ. ರೊಟ್ಟಿ ತಿನ್ನುವ ಹುಡುಗಿಯನ್ನು ಒಂದು ಸೋಮವಾರ ಮನೆಗೆ ಕರೆದುಕೊಂಡು ಬಾ, ಮಲ್ಲಯ್ಯನ ಗುಡ್ಡಕ್ಕೂ ಹೋಗಿ ಬರೋಣ ಅಂತ ಆಕೆ ಹೇಳಿ ಕಳಿಸಿದಳು. ಅದನ್ನು ಹೇಳುವಾಗ ಜಂಬಣ್ಣ ಕೀಬೋರ್ಡನ್ನೇ ನೋಡುತ್ತಿದ್ದ.

ಕಸ್ತೂರಿ ಸೊಂಟದ ಕೀಲಿ ತಿರುವುತ್ತ ನಿಂತಳು. ಕರೆದದ್ದು ಯಾಕೆಂದು ತಿಳಿಯದಷ್ಟು ಚಿಕ್ಕವಳಲ್ಲ ಅವಳು.

"ಹುಡುಗರ ಪರೀಕ್ಷೆ ಮುಗೀಲಿ, ಬರ್ತೀನಿ ಅಂತ ಹೇಳ್ರಿ" ಅಂದಳು.

ಅಷ್ಟೇ. ಆದರೆ ಅವತ್ತು ಇಡೀ ಸಂಜೆ ಇಬ್ಬರೂ ಸುಮ್ಮಸುಮ್ಮನೆ ನಗುತ್ತಿದ್ದರು.

ಒಂದು ಸಲ ಬಂದೇಸಾಬ ಎನ್ನುವ ಹುಡುಗ, ಮಷೀನಿನಲ್ಲಿ ಲಾಸ್ಟ್ ಅಂಡ್ ಫೌಂಡ್ ಎನ್ನುವ ಖಾಲಿ ಡೈರೆಕ್ಟರಿ, ಫೈಲಿಡುವ ಖಾನೆ, ಯಾಕಿದೆ ಅಂತ ಕೇಳಿದ. ಡಿಸ್ಕಿಗೆ ಪೆಟ್ಟು ಬಿದ್ದಾಗ ಕೆಲವು ಫೈಲುಗಳು ತಮ್ಮ ಹೆಸರು, ಜಾಗ ಎರಡನ್ನೂ ಕಳೆದುಕೊಳ್ಳುತ್ತವೆ, ಮಷೀನು ಅಂಥವಕ್ಕೆ ಬರೀ ನಂಬರು ಕೊಟ್ಟು ಅಲ್ಲಿ ಕೂಡಿಸುತ್ತದೆ ಅಂತ ಜಂಬಣ್ಣ ವಿವರಿಸಿದ. "ಒಳಗಿನ ಮಾಲು ಹಂಗ ಇರತೈತಿ. ತಾಳ್ಮಿಯಿಂದ ಒಂದೊಂದ ತೆಗದು ನೋಡಬೇಕಷ್ಟ."

ತಾಳ್ಮೆ! ಅದೊಂದೇ ಕಸ್ತೂರಿಯ ಹತ್ತಿರ ಇಲ್ಲದ್ದು.

ಯುಗಾದಿಯ ಅಮಾವಾಸ್ಯೆ ಬಂತು. ಕ್ಲಾಸಿಗೆ ರಜೆ. ಪರೀಕ್ಷೆ ಮುಂದಿನ ವಾರವೇ ಇತ್ತು. ಜಂಬಣ್ಣ ಬೆಳಿಗ್ಗೆಯೇ ಬಂದು, ದೊಡ್ಡಬಸಪ್ಪನವರ ಹತ್ತಿರವಿದ್ದ ಇನ್ನೊಂದು ಕೀಲಿ ಇಸಿದುಕೊಂಡು, ಹೊಸ ಕಂಪೈಲರ್ ಕೂಡಿಸಲು ಹಚ್ಚಿದ. ಆ ಹಳೆಯ ಮಷೀನಿಗೆ ಅದು ಮರುದಿನ ಬೆಳಗಿನವರೆಗಿನ ಕೆಲಸ, ನಡುವೆ ಕರೆಂಟು ಹೋದರೆ ಡಿಸ್ಕಿಗೇ ಪೆಟ್ಟು. ಅವ್ವ ಹಬ್ಬಕ್ಕೆ ಕಾಯುತ್ತಿರುತ್ತಾಳೆಂದು ಮಷೀನನ್ನು ಅದರ ಪಾಡಿಗೆ ಬಿಟ್ಟು ಮಧ್ಯಾಹ್ನವೇ ಮಸ್ಕಿ ಬಸ್ಸು ಹತ್ತಿದ. ರಜೆಯ ದಿನ ಯಾರು ಬರುತ್ತಾರೆ ಅಂದುಕೊಂಡ.

ಅಂಗಡಿಯವರ ಅಮಾವಾಸ್ಯೆ ಅವನಿಗೆ ಗೊತ್ತಿರಲಿಲ್ಲ, ಅವನದು ಹೊಲದ ಮನೆತನ. ದೊಡ್ಡಬಸಪ್ಪನವರ ಮನೆಯಲ್ಲಿ ಪ್ರತಿ ಹಬ್ಬದ ಅಮಾವಾಸ್ಯೆಯ ಸಂಜೆ ಅಂಗಡಿ, ಮಾಳಿಗೆ ಎಲ್ಲ ತೊಳೆದು, ತಕ್ಕಡಿಯಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲಕ್ಕೂ ವಿಭೂತಿ ಹಚ್ಚಿ ಕಾಯಿ ಒಡೆಯಬೇಕು. ಹಿಂದೊಮ್ಮೆ ಒದ್ದೆ ಗೋಡೆಗೆ ಕೈಯಿಟ್ಟು ಅಜ್ಜನಿಗೆ ಕರೆಂಟು ಹೊಡೆದಿತ್ತು. ಅಂದಿನಿಂದ ನೀರು ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸುವುದು, ಪೂಜೆ ಮುಗಿಯುವವರೆಗೆ ಎಣ್ಣೆ ದೀಪದಲ್ಲೇ ಇರುವುದು ಪದ್ಧತಿ. ಕರೆಂಟಿಗೂ ಅಮಾವಾಸ್ಯೆ ಒಂದು ರಜೆ ಬೇಡವೇ ಅಂತ ಅಜ್ಜಿ ನಗುತ್ತಿದ್ದಳಂತೆ.

ಕಸ್ತೂರಿ ಬಿಂದಿಗೆ ಹಿಡಿದು ಮೇಲೆ ಬಂದಳು. ಲಿನಕ್ಸ್ ಮಷೀನಿನ ಪರದೆ ಕಪ್ಪಗಿತ್ತು. ಯಾರೂ ಮುಟ್ಟದೆ ಬಿಟ್ಟರೆ ಪರದೆ ತಾನಾಗಿ ಕಪ್ಪಾಗುತ್ತದೆ, ಮಷೀನು ಒಳಗೊಳಗೇ ದುಡಿಯುತ್ತಿರುತ್ತದೆ. ಅವಳು ಬಂದ್ ಆಗಿದೆ ಅಂದುಕೊಂಡಳು.

ಕೈ ಎತ್ತಿ ಮೇನ್ ಇಳಿಸಿದಳು. ಮಷೀನಿಗೆ ಮೂರು ಬೆರಳು ವಿಭೂತಿ ಎಳೆದು, ಸ್ವಿಚ್ಚಿಗೆ ಕುಂಕುಮವಿಟ್ಟು, ಎಲ್ಲರೂ ಪಾಸಾಗಲಿ, ಆಮೇಲೆ ಮಸ್ಕಿಗೆ ಹೋಗುವ ಹಾಗಾಗಲಿ ಅಂತ ಮನಸಿನಲ್ಲೇ ಬೇಡಿಕೊಂಡಳು.

ಹಬ್ಬ ಕಳೆದು ಜಂಬಣ್ಣ ಬಂದಾಗ ಮಷೀನು ಏಳಲಿಲ್ಲ. ಡಿಸ್ಕು ಕೆಟ್ಟಿದೆ, ಸರಿಮಾಡಲೇ, ಇದನ್ನು ಅಳಿಸಲೇ, ಅದನ್ನು ಎತ್ತಿಡಲೇ ಅಂತ ಪರದೆಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ. ಹೌದು, ಹೌದು ಎನ್ನುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಅವನು ಕೀಬೋರ್ಡಿನ ವೈ ಗುಂಡಿಯನ್ನು ಒತ್ತುತ್ತಲೇ ಇದ್ದ. ಬಂದೇಸಾಬ ಬಾಗಿಲಲ್ಲಿ ನಿಂತು ಅದನ್ನು ನೋಡಿದ.

ಕೊನೆಗೆ ಮಷೀನು ಎದ್ದಿತು. ಆದರೆ ಕಂಪೈಲರ್ ಏಳಲಿಲ್ಲ. ಜಿಸಿಸಿ ಅಂತ ಅದರ ಹೆಸರು ಹಿಡಿದು ಕರೆದರೆ ಓ ಅನ್ನುತ್ತದೆ, ಕೆಲಸ ಕೊಟ್ಟರೆ ಒಳಗಿನ ಸಿಸಿ-ಒನ್ ಎನ್ನುವ ಮುಖ್ಯ ಫೈಲು ಸಿಗುತ್ತಿಲ್ಲ ಅನ್ನುತ್ತದೆ. ಅವನು ಫೈಲು ಹುಡುಕುವ ದಾರಿ ತಿದ್ದಿ ನೋಡಿದ, ಹಳೆಯ ಕಂಪೈಲರನ್ನು ಹುಡುಕಿ ನೋಡಿದ. ಅದು ಇರಬೇಕಾದ ಡೈರೆಕ್ಟರಿಯೇ ಮಂಗಮಾಯ!

ಹುಡುಗರೆಲ್ಲ ಬಂದು ಕ್ಲಾಸು ತುಂಬುವ ಹೊತ್ತಿಗೆ ಬಂದ ಕಸ್ತೂರಿಯನ್ನು ಅವನು ಕೇಳಿದ. "ಅಮಾಸಿ ದಿನ ಯಾರ ಬಂದಿದ್ರಿ ಇಲ್ಲಿ?"

"ನಾನ ಬಂದಿದ್ದೆ, ಪೂಜಾ ಮಾಡಾಕ. ನಿಮ್ಮ ಮಷೀನ್ ಬಂದ್ ಇತ್ತು, ನಾ ಒತ್ತಿಲ್ಲ ಏನೂ."

ಅವನ ಕಣ್ಣು ಮಷೀನಿನ ವಿಭೂತಿಯ ಮೇಲೆ ಹೋಯಿತು. ಅಲ್ಲಿಂದ ಗೋಡೆಯ ಸ್ವಿಚ್ಚಿನ ಕುಂಕುಮಕ್ಕೆ. ಏನೋ ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ದೊಡ್ಡಬಸಪ್ಪನವರು ಮೇಲೆ ಬಂದರು. ಅವರ ಹಿಂದೆ ಪ್ರಸಾದದ ತಟ್ಟೆ ಹಿಡಿದ ಕನಕಮ್ಮ.

ಜಂಬಣ್ಣ ಬಾಯಿ ಮುಚ್ಚಿಕೊಂಡ. ಮಷೀನ್ ಕೆಟ್ಟಿದೆ, ಲಿಂಗಸುಗೂರಿಗೆ ಹೋಗಿ ಸಿಡಿ ಡ್ರೈವ್ ತಂದು ಸರಿಮಾಡುತ್ತೇನೆ ಅಂತಷ್ಟೇ ಹೇಳಿದ.

ಲಿಂಗಸುಗೂರು! ಆ ಹೆಸರು ಕಿವಿಗೆ ಬಿದ್ದದ್ದೇ ಕಸ್ತೂರಿಯ ಒಳಗೆ ಏನೋ ಕಿತ್ತುಬಂತು. ಅಲ್ಲಿಯ ಕ್ಲಾಸಿನವರು ಅವನನ್ನು ಕೆಲಸಕ್ಕೆ ಕರೆದಿದ್ದಾರೆಂದು ಅವಳಿಗೆ ಮೊನ್ನೆಯಷ್ಟೇ ಹುಡುಗರಿಂದ ಗೊತ್ತಾಗಿತ್ತು. ನನಗೇಕೆ ಹೇಳಲಿಲ್ಲ, ನಾನು ಯಾರೂ ಅಲ್ಲವೇ ಅಂತ ಹಬ್ಬವಿಡೀ ಕೊರಗಿದ್ದಳು. ಅವನು ಆಗಲೇ ಬರುವುದಿಲ್ಲ ಅಂದುಬಿಟ್ಟಿದ್ದ, ಅದಕ್ಕೇ ಹೇಳಿರಲಿಲ್ಲ. ಅದು ಅವಳಿಗೆ ಗೊತ್ತಿಲ್ಲ. ಈಗ ಬಂದೇಸಾಬ ಬೇರೆ, ಸರ್ ಬೆಳಿಗ್ಗೆ ಒಬ್ಬರೇ ಕೂತು ಏನೋ ಅಳಿಸುತ್ತಿದ್ದರು ಅಂತ ಅವಳ ಕಿವಿಯಲ್ಲಿ ಹೇಳಿದ.

"ಅಳಿಸಿದ್ದು ಖರೇನ್ರಿ?" ಕೇಳಿದಳು.

"ಖರೇ. ಆದ್ರ..."

"ಆದ್ರ ಏನು? ನಮ್ಮ ಹುಡುಗರ ಬಾಯಾಗ ಮಣ್ಣ ಹಾಕಿ, ಅವರ ಕ್ಲಾಸ್ ನಡಸಾಕ ಹೊಂಟೀರಿ. ಮೊದಲನೇ ದಿನಾನ ನಾ ನಿಮ್ಮನ್ನ ಕಳ್ಳ ಅಂದಿದ್ದೆ. ತಪ್ಪೇನ ಅಂದಿದ್ದಿಲ್ಲ ಬಿಡ್ರಿ."

ಅಪ್ಪನ ಎದುರು. ಅವ್ವನ ಎದುರು. ತುಂಬಿದ ಕ್ಲಾಸಿನ ಎದುರು.

ಜಂಬಣ್ಣ ಒಮ್ಮೆ ಅವಳ ಸೊಂಟದ ಕೀಲಿ ನೋಡಿದ. ಒಮ್ಮೆ ಕನಕಮ್ಮನ ಮುಖ ನೋಡಿದ. ಬುತ್ತಿಯ ಗಂಟು ತೆಗೆದುಕೊಂಡು ಮೆಟ್ಟಿಲು ಇಳಿದುಬಿಟ್ಟ. ಗಂಟಿನಲ್ಲಿ ಅವಳ ಪಾಲಿನ ರೊಟ್ಟಿಯೂ ಇತ್ತು.

ಹುಡುಗರನ್ನು ಪ್ರಾಕ್ಟಿಕಲ್ ಅಭ್ಯಾಸಕ್ಕೆ ಲಿಂಗಸುಗೂರಿಗೇ ಕಳಿಸಬೇಕಾಯಿತು. ಅಲ್ಲಿ ಅವರಿಗೆ ಕಲಿಸಿದವನು, ಇಲ್ಲಿಂದ ಹೋಗಿ ಆ ಕೆಲಸ ಒಪ್ಪಿಕೊಂಡಿದ್ದ ಜಂಬಣ್ಣನೇ. ನೋಡಿ, ನಾ ಹೇಳಿರಲಿಲ್ಲವೇ ಅಂತ ಕಸ್ತೂರಿ ಮನೆಯಲ್ಲಿ ಗೆದ್ದವಳ ಹಾಗೆ ಹೇಳಿದಳು. ಹೇಳಿ ಹಿತ್ತಲಿಗೆ ಹೋಗಿ ಅತ್ತಳು.

ದೊಡ್ಡಬಸಪ್ಪನವರಿಗೆ ಲಿನಕ್ಸಿನ ಸಹವಾಸವೇ ಸಾಕಾಗಿ ಮಷೀನಿಗೆ ಬಟ್ಟೆ ಹೊದಿಸಿಬಿಟ್ಟರು. ಕಸ್ತೂರಿ ಮಾತ್ರ ಮಧ್ಯಾಹ್ನ ಕ್ಲಾಸು ಖಾಲಿಯಾದ ಮೇಲೆ ಬಟ್ಟೆ ಸರಿಸಿ ಅದರ ಮುಂದೆ ಕೂರುತ್ತಿದ್ದಳು. ಅವನು ಬೇಕೆಂದೇ ಕೆಡಿಸಿದ್ದಕ್ಕೆ ಗುರುತು ಹುಡುಕಬೇಕು, ಆಗ ಮನಸ್ಸು ಹಗುರಾಗುತ್ತದೆ ಅನ್ನುವುದು ಅವಳ ಲೆಕ್ಕ. ಗುರುತು ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ಅವಳಿಗೆ ಲಿನಕ್ಸು ಬಂತು, ಮನಸ್ಸು ಮಾತ್ರ ಹಗುರಾಗಲಿಲ್ಲ.

ದೀಪಾವಳಿ ಅಮಾವಾಸ್ಯೆಯ ಸಂಜೆ ಮತ್ತೆ ಬಿಂದಿಗೆ ಹಿಡಿದು ಮೇಲೆ ಬಂದಳು. ಮೇನ್ ಇಳಿಸಿದಳು, ತೊಳೆದಳು, ವಿಭೂತಿ ಹಚ್ಚಿದಳು. ಆ ಮಧ್ಯಾಹ್ನ ತಾನೇ ಮಷೀನಿನ ಮುಂದೆ ಕೂತಿದ್ದವಳು, ಅವ್ವ ಕರೆದಳೆಂದು ಹಾಗೇ ಬಿಟ್ಟು ಹೋಗಿದ್ದು ಅವಳಿಗೆ ನೆನಪಾಗಲೇ ಇಲ್ಲ. ಪರದೆ ಕಪ್ಪಗಿತ್ತಲ್ಲ!

ಹಬ್ಬ ಮುಗಿಸಿ ಮಷೀನು ಹಚ್ಚಿದರೆ, ಡಿಸ್ಕು ಕೆಟ್ಟಿದೆ ಅಂತ ನಿಂತುಬಿಟ್ಟಿತು. ಸರಿಮಾಡಲೇ? ಅಳಿಸಲೇ? ಎತ್ತಿಡಲೇ?

ಕಸ್ತೂರಿ ವೈ ಒತ್ತಿದಳು. ಮತ್ತೆ ಒತ್ತಿದಳು. ಮತ್ತೆ...

ಬೆರಳು ನಿಂತಿತು.

ಅವನು ಅಳಿಸುತ್ತಿರಲಿಲ್ಲ. ಇದೇ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ. ಹಾಗಾದರೆ ಅವತ್ತು ಕೆಡಿಸಿದ್ದು...

ಮೆಲ್ಲನೆ ತಿರುಗಿ ಗೋಡೆ ನೋಡಿದಳು. ಸ್ವಿಚ್ಚಿನ ಮೇಲೆ ಅವಳೇ ಇಟ್ಟ ಕುಂಕುಮ. ಅವತ್ತು ಅವನು ನೋಡಿದ್ದೂ ಅದನ್ನೇ. ನೋಡಿ ಸುಮ್ಮನಾಗಿದ್ದ. ಅವ್ವ ಎದುರಿಗಿದ್ದಳು. ಕೀಲಿ ನನ್ನ ಸೊಂಟದಲ್ಲಿತ್ತು. ಅದಕ್ಕೇ!

ಅಯ್ಯೋ, ಎಂಥ ಮಾತು ಅಂದುಬಿಟ್ಟೆ ನಾನು...

ತಲೆ ಎತ್ತಲಾಗದೆ ಅವಳು ಬಹಳ ಹೊತ್ತು ಕೂತಿದ್ದಳು. ಆಮೇಲೆ ಅವನು ಹೇಳಿದ್ದ ಆ ಲಾಸ್ಟ್ ಅಂಡ್ ಫೌಂಡ್ ಡೈರೆಕ್ಟರಿ ನೆನಪಾಯಿತು. ತೆರೆದಳು. ಬರೀ ನಂಬರುಗಳ ಸಾಲು, ಒಂದಕ್ಕೂ ಹೆಸರಿಲ್ಲ. ಯುಗಾದಿಯಿಂದ ಅಲ್ಲೇ ಕೂತು ಕಾಯುತ್ತಿದ್ದವು ಅವು.

ಒಂದೊಂದನ್ನೇ ತೆಗೆದು ಒಳಗಿನ ಮಾತುಗಳನ್ನು ಓದಿ, ಇದು ಯಾರು ಅಂತ ಗುರುತಿಸತೊಡಗಿದಳು. ಎಷ್ಟೋ ಮಧ್ಯಾಹ್ನಗಳು ಹೋದವು. ಸಿಸಿ-ಒನ್ ಸಿಕ್ಕ ದಿನ ಊಟ ಬಿಟ್ಟು ಕುಣಿದಳು. ಹೆಸರು ಕೊಟ್ಟು, ಅದರದರ ಜಾಗದಲ್ಲಿ ಕೂಡಿಸುತ್ತ ಬಂದಳು. ಹುಡುಕಿದ ಪ್ರತಿಯೊಂದಕ್ಕೂ ಅವನ ದನಿ ಕೇಳಿದ ಹಾಗಾಗುತ್ತಿತ್ತು. ತಾಳ್ಮಿಯಿಂದ ನೋಡಬೇಕಷ್ಟ...

ಕೊನೆಗೆ ಒಂದೇ ಒಂದು ಕೊಂಡಿ ಉಳಿಯಿತು. ಲಿಬ್‌ಜಿಸಿಸಿ ಎನ್ನುವ ಫೈಲು. ಅದಿಲ್ಲದೆ ಒಂದು ಪ್ರೋಗ್ರಾಮೂ ಪೂರ್ತಿಯಾಗುವುದಿಲ್ಲ. ಅದು ಎಲ್ಲಿಯೂ ಇರಲಿಲ್ಲ. ಸಿಗುವುದಿದ್ದರೆ ಲಿಂಗಸುಗೂರಿನ ಮಷೀನಿನಲ್ಲೇ ಸಿಗಬೇಕು.

ಮರುದಿನ ಬೆಳಿಗ್ಗೆ ಕ್ಲಾಸು ತುಂಬಿದಾಗ ಕಸ್ತೂರಿ ಅಪ್ಪ, ಅವ್ವ ಇಬ್ಬರನ್ನೂ ಮೇಲೆ ಕರೆದಳು. ಅವನನ್ನು ಎಲ್ಲಿ ನಿಂತು ಕಳ್ಳ ಅಂದಿದ್ದಳೋ ಅಲ್ಲಿಯೇ ನಿಂತು, ಮಷೀನು ಕೆಡಿಸಿದ್ದು ತಾನು, ಜಂಬಣ್ಣನಿಗೆ ಅದು ಗೊತ್ತಿತ್ತು, ತನ್ನನ್ನು ಉಳಿಸಲು ಸುಮ್ಮನೆ ಹೋದ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಬಂದೇಸಾಬ ತಲೆ ತಗ್ಗಿಸಿದ. ಕಸ್ತೂರಿ ಸೊಂಟದ ಕೀಲಿ ಬಿಚ್ಚಿ ಅವ್ವನ ಮುಂದೆ ಹಿಡಿದಳು.

ಕನಕಮ್ಮ ಕೀಲಿಯನ್ನೂ ನೋಡಿದಳು, ಮಗಳನ್ನೂ ನೋಡಿದಳು.

"ಅದು ನಿನ್ನ ಕಡೇನ ಇರ್ಲಿ. ಮೊದ್ಲು ಹೋಗಿ ಆ ಹುಡುಗಗ ಹೇಳಿ ಬಾ."

ಅದರ ಮರುದಿನ ಮುಂಜಾನೆಯ ಲಿಂಗಸುಗೂರು ಬಸ್ಸಿನಲ್ಲಿ ಕಸ್ತೂರಿ ಒಂದು ಖಾಲಿ ಫ್ಲಾಪಿ ಹಿಡಿದು ಕೂತಳು. ಏನು ಹೇಳುವುದು, ಹೇಗೆ ಶುರುಮಾಡುವುದು, ಫೈಲು ಕೇಳುವುದು ಮೊದಲೋ, ಕ್ಷಮೆ ಕೇಳುವುದು ಮೊದಲೋ... ಕಾಲುವೆಯ ಗದ್ದೆಗಳು ಮುಗಿದು ಜೋಳದ ಹೊಲಗಳು ಬಂದರೂ ಅವಳಿಗೆ ಒಂದೂ ಹೊಳೆಯಲಿಲ್ಲ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಹತ್ತಿದವರ ಗದ್ದಲದಲ್ಲಿ ಅವನೂ ಇದ್ದ.

ಬಡವಾಗಿದ್ದ. ಕೈಯಲ್ಲಿ ಬುತ್ತಿಯ ಗಂಟಿರಲಿಲ್ಲ. ಅವಳನ್ನು ನೋಡಿ ಒಂದು ಕ್ಷಣ ನಿಂತು, ನೋಡದವನ ಹಾಗೆ ಹಿಂದಿನ ಸೀಟಿಗೆ ಹೋದ. ಕಸ್ತೂರಿ ಎದ್ದು ಹೋಗಿ ಅವನ ಪಕ್ಕದಲ್ಲೇ ಕೂತಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಲಿ!

"ಮೇನ್ ಇಳಿಸಿದ್ದು ನಾನು" ಅಂದಳು. ಯೋಚಿಸಿದ್ದೆಲ್ಲ ಮರೆತುಹೋಗಿ ಇದೊಂದೇ ಬಾಯಿಗೆ ಬಂತು.

"ಗೊತ್ತೈತಿ."

"ಎಲ್ಲಾರ ಮುಂದ ಒಪ್ಪಿಕೊಂಡು ಬಂದೀನಿ. ಅಷ್ಟಕ್ಕ ನಾ ಅಂದಿದ್ದು ಹೋಗೂದಿಲ್ಲ, ಅದೂ ಗೊತ್ತೈತಿ ನನಗ. ಅವತ್ತು ಅವ್ವನ ಮುಂದ ಸುಮ್ಕಾದ್ರಿ, ಸರಿ. ಆಮ್ಯಾಲರ ನನಗೊಬ್ಬಾಕಿಗೆ ಹೇಳಬಹುದಿತ್ತಲ್ಲ?"

ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ದನಿ ಬಂದಾಗ ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಮೊದಲನೇ ಸಲ ಕಳ್ಳ ಅಂದಾಗ ನಗು ಬಂದಿತ್ತು, ಕಸ್ತೂರಿ. ಎರಡನೇ ಸಲ ಬರ್ಲಿಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಜಂಬಣ್ಣ ಅಂಗಿಯ ಜೇಬಿನಿಂದ ಒಂದು ಫ್ಲಾಪಿ ತೆಗೆದ. ಮೂಲೆಗಳು ಸವೆದಿದ್ದವು. ಕಂಪೈಲರಿಗೆ ಬೇಕಾದ ಫೈಲುಗಳನ್ನು ಸಿಂಧನೂರು ಬಿಟ್ಟ ವಾರದಲ್ಲೇ ಕುಗ್ಗಿಸಿ ಇದೊಂದರಲ್ಲಿ ತುಂಬಿಟ್ಟಿದ್ದನಂತೆ. ಎಷ್ಟೋ ಸಲ ಸಿಂಧನೂರಿನ ಬಸ್‌ಸ್ಟ್ಯಾಂಡಿನವರೆಗೆ ಬಂದು, ಆ ಮಾತು ನೆನಪಾಗಿ, ಅಲ್ಲಿಂದಲೇ ತಿರುಗಿ ಹೋಗಿದ್ದನಂತೆ.

"ಕೊಟ್ಟಿದ್ರ ಒಂದ ತಾಸಿನ ಕೆಲಸ ಇತ್ತು. ಹುಡುಗರು ಲಿಂಗಸುಗೂರತನಕ ಓಡ್ಯಾಡೂದು ತಪ್ಪತಿತ್ತು. ನಂದೂ ತಪ್ಪ ಐತಿ" ಅಂದ.

ಅವಳು ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಎದೆಯ ಭಾರ ಒಂದಿಷ್ಟು ಇಳಿದಂತಾಯಿತು. ಈಗಲಾದರೂ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಆ ಧೈರ್ಯದಲ್ಲೇ ಕೇಳಿದಳು.

"ನಿಮ್ಮವ್ವ ಹ್ಯಾಂಗದಾರ್ರಿ?"

ಜಂಬಣ್ಣ ತನ್ನ ಅಂಗೈ ನೋಡಿಕೊಂಡ. ಬುತ್ತಿಯಿಲ್ಲದ ಅವನ ಕೈಗಳನ್ನು ಕಸ್ತೂರಿ ಆಗ ಮತ್ತೊಮ್ಮೆ ನೋಡಿದಳು.

"ಶ್ರಾವಣಕ್ಕಿಂತ ಮೊದ್ಲ ಹೋದ್ಲು" ಅಂದ. "ಜ್ವರ ಅಂತ ಮಲಗಿದಾಕಿ ಏಳಲೇ ಇಲ್ಲ. ಆ ಹುಡುಗಿ ಯಾಕ ಬರ್ಲಿಲ್ಲೋ ಅಂತ ಕೇಳ್ತಿದ್ಲು. ಪರೀಕ್ಷಾ ಇನ್ನಾ ಮುಗಿದಿಲ್ಲ ಅಂತ ಸುಳ್ಳ ಹೇಳ್ತಿದ್ದೆ. ಸೋಮಾರ ಬಂತಂದ್ರ ನಿಮ್ಮ ಪಾಲಿಂದು ಒಂದು ರೊಟ್ಟಿ ಹೆಚ್ಚಿಗಿ ಬಡೀತಿದ್ಲು."

ಕಸ್ತೂರಿಗೆ ಬಸ್ಸಿನ ಸದ್ದು ಕೇಳಿಸದಾಯಿತು. ಒಂದು ಸಲವೂ ನೋಡದ ಆ ಮುದುಕಿಗಾಗಿ ಅವಳು ನಾಚಿಕೆ ಬಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮಷೀನಿನಲ್ಲಿ ಕಳೆದದ್ದನ್ನು ಹುಡುಕಿ ತೆಗೆದಿದ್ದಳು. ಇದನ್ನು ಎಲ್ಲಿ ಹುಡುಕುವುದು?

ಜಂಬಣ್ಣ ಅವಳನ್ನು ಸಮಾಧಾನ ಮಾಡಲಿಲ್ಲ. ತನ್ನ ಕರವಸ್ತ್ರ ತೆಗೆದು ಅವಳ ಮಡಿಲಲ್ಲಿಟ್ಟ. ಅವನ ಕಣ್ಣೂ ತುಂಬಿತ್ತು.

ಲಿಂಗಸುಗೂರು ಬಂದಾಗ ಇಬ್ಬರೂ ಇಳಿದರು. ಸಿಂಧನೂರಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಕ್ಲಾಸಿಗೆ ರಜೆ ಹೇಳಿ ಬರುತ್ತೇನೆ, ಇವತ್ತೇ ಹೋಗಿ ಮಷೀನು ಸರಿಮಾಡೋಣ ಅಂದ ಅವನು.

ಕಸ್ತೂರಿ ತಲೆ ಅಲ್ಲಾಡಿಸಿದಳು.

"ಸಿಂಧನೂರಿಗೆ ಸಂಜಿಕಡೆ ಹೋಗೂಣು. ಮೊದ್ಲು ಮಸ್ಕಿಗೆ."

"ಮಸ್ಕಿಗ್ಯಾಕ?"

"ಬರ್ತೀನಿ ಅಂತ ಹೇಳಿ ಕಳಿಸಿದ್ದೆ."

ಅವನು ನಿಂತ ಬಸ್ಸಿನ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ ಅಂದ. "ಮನ್ಯಾಗ ಈಗ ಯಾರೂ ಇಲ್ಲ, ಕಸ್ತೂರಿ."

"ನೀವದೀರಲ್ಲ" ಅಂದಳು ಅವಳು.